ಕೆಂಪು ಅಂದರೆ ಕರೆದಾಯಿತೇ?

ಬೀಗ ಹಾಕಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ವಾಪಸಾಗುವವರು ಇದ್ದಾರಲ್ಲ, ನಾನು ಅವರಿಗಿಂತ ಒಂದು ಮೆಟ್ಟಿಲು ಮೇಲೆ. ವಾಪಸಾಗಿ, ಬೀಗ ಎಳೆದು ನೋಡಿ, ಮತ್ತೆ ಅದೇ ಅರ್ಧ ದಾರಿಗೆ ಬಂದು, ಎಳೆದು ನೋಡಿದ್ದು ಇವತ್ತೋ ನಿನ್ನೆಯೋ ಎಂದು ನಿಂತುಬಿಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ನಮಗೆ ಪುರಾವೆಯಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಕಲಿಸಿದರು. ದೇವರು, ಜಾತಕ, ಪೇಪರಿನ ಸುದ್ದಿ ಎಲ್ಲವನ್ನೂ ಒಂದೊಂದಾಗಿ ಬಿಟ್ಟೆ. ಐವತ್ತು ದಾಟಿದ ಮೇಲೆ ನಂಬದಿರಲು ಉಳಿದದ್ದು ನನ್ನ ತಲೆಯೊಂದೇ.

ಹಾಗಾಗಿ ಎಲ್ಲವನ್ನೂ ಬರೆದಿಡುತ್ತೇನೆ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನಾದ್ದರಿಂದ ಕಂಪ್ಯೂಟರಿನಲ್ಲೇ ಬರೆಯುತ್ತೇನೆ, ಆದರೆ ಬರೀ ಅಕ್ಷರದಲ್ಲಿ. ತಲೆಬರಹಕ್ಕೆ ಸಾಲಿನ ಮುಂದೊಂದು ಹ್ಯಾಶ್, ಪಟ್ಟಿಗೊಂದು ನಕ್ಷತ್ರ, ಅಷ್ಟೇ. ದಪ್ಪಕ್ಷರವಿಲ್ಲ, ಚಿತ್ರವಿಲ್ಲ, ಬಣ್ಣವಿಲ್ಲ. ಈ ಬೋಳು ಬರವಣಿಗೆಯನ್ನು ವ್ರತದಂತೆ ಹಿಡಿದಿರುವ ಸಣ್ಣ ಗುಂಪೊಂದು ಇಂಟರ್ನೆಟ್ಟಿನಲ್ಲಿದೆ, ನಾನೂ ಅದರಲ್ಲೊಬ್ಬ. ಒಮ್ಮೆ ಅಲ್ಲಿ ಯಾರೋ ಬಣ್ಣದ ಮಾತೆತ್ತಿದರು. ಹಳೆಯ ಕಾಲದ ಕಪ್ಪು ಪರದೆಗೆ, ಅಂದರೆ ಟರ್ಮಿನಲ್ಲಿಗೆ, ಒಂದು ಗುಟ್ಟಿನ ಸಂಕೇತ ತಿಳಿಯುತ್ತದೆ. ಅಕ್ಷರದ ಮುಂದೆ ಮೂವತ್ತೊಂದು ಎಂದು ಸೇರಿಸಿದರೆ ಅಕ್ಷರ ಕೆಂಪಾಗುತ್ತದೆ, ಮೂವತ್ತೆರಡಾದರೆ ಹಸಿರು. ಇದಕ್ಕೆ ನಮ್ಮ ಬರವಣಿಗೆಯಲ್ಲಿ ಅವಕಾಶ ಬೇಡವೇ ಎಂಬುದು ಪ್ರಶ್ನೆ. ಕೂಡದು ಎಂದು ಮೂರು ವಾರ ವಾದಿಸಿದೆ. ಬೇರೆ ಯಂತ್ರದಲ್ಲಿ ತೆರೆದರೆ ಆ ಬಣ್ಣ ಕಸವಾಗಿ ಕಾಣುತ್ತದೆ, ಎಲ್ಲರಿಗೂ ಕಾಣದ್ದನ್ನು ಬರಹದೊಳಗೆ ಬಚ್ಚಿಡುವುದು ಓದುಗನಿಗೆ ಮಾಡುವ ಮೋಸ ಎಂದೆಲ್ಲ ಬರೆದೆ. ಕೊನೆಗೆ ಗೆದ್ದೆ, ಅಥವಾ ಉಳಿದವರಿಗೆ ಸಾಕಾಯಿತು.

ಈಗ ತಪ್ಪೊಪ್ಪಿಗೆ. ಮಗಳ ಮದುವೆ ಗೊತ್ತಾದಾಗ ಕರೆಯಬೇಕಾದ ಮನೆಗಳ ಪಟ್ಟಿ ಮಾಡಿ, ಆ ಪಟ್ಟಿಗೆ ಕಳ್ಳತನದಲ್ಲಿ ಬಣ್ಣ ಹಾಕಿದವನೂ ನಾನೇ. ನಮ್ಮ ಕಡೆ ಫೋನಿನಲ್ಲಿ ಕರೆದರೆ ಕರೆದಂತಲ್ಲ. ಮನೆಗೇ ಹೋಗಿ, ಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ, ಕೈಗೆ ಕೊಟ್ಟು, ಕೊಟ್ಟಿದ್ದನ್ನು ಕುಡಿದು ಬರಬೇಕು. ಹೂಗ್ಯಂನಲ್ಲಿರುವ ನಮ್ಮಕ್ಕನನ್ನು ಗೃಹಪ್ರವೇಶಕ್ಕೆ ಫೋನಿನಲ್ಲಿ ಕರೆದು ಎರಡು ವರ್ಷ ಅವಳ ಮಾತು ಕಳೆದುಕೊಂಡಿದ್ದೆ. ಈ ಸಲವೂ ತಪ್ಪಿದರೆ ಸೋದರತ್ತೆ ಇಲ್ಲದ ಮದುವೆಯಾಗುತ್ತದೆ, ಆಮೇಲೆ ಅಕ್ಕ ಇಲ್ಲದ ಬದುಕು.

ಮದುವೆಗೆ ಹತ್ತು ದಿನವಿತ್ತು. ಹೆಂಡತಿ ತನ್ನ ಕಡೆಯವರನ್ನು ಕರೆಯಲು ಹೋಗಿದ್ದಳು, ನಾನು ನನ್ನ ಕಡೆಯವರಿಗೆಂದು ಸ್ಕೂಟರಿನಲ್ಲಿ ಹೊರಟೆ. ಹನೂರಿನ ಬಸ್ ಸ್ಟ್ಯಾಂಡಿನ ಮುಂದೆ ಟೀ ಕುಡಿಯುತ್ತ ಫೋನಿನಲ್ಲಿ ಪಟ್ಟಿ ತೆರೆದರೆ ಬಣ್ಣವೇ ಇಲ್ಲ. ಪ್ರತಿ ಹೆಸರಿನ ಮುಂದೆ ಒಂದು ಚೌಕ, ಒಂದು ಆವರಣ ಚಿಹ್ನೆ, ಒಂದು ಸಂಖ್ಯೆ. ಅಕ್ಕನ ಹೆಸರಿಗೆ ಮೂವತ್ತೊಂದು. ಮೂರು ವಾರ ನಾನು ಎಚ್ಚರಿಸಿದ್ದ ಕಸ ನನ್ನ ಅಂಗೈಯಲ್ಲೇ ಇತ್ತು.

ಮೂವತ್ತೊಂದು ಕೆಂಪು, ಅದು ಸರಿ. ಆದರೆ ಕೆಂಪು ಅಂದರೆ ಏನು? ಮೊದಲ ದಿನ ಯಳಂದೂರು ಮುಗಿಸಿ ಬಂದು, ಕರೆದ ಮನೆಗಳಿಗೆ ಕೆಂಪು ಹಚ್ಚಿದಂತೆ ನೆನಪು. ಮೇಷ್ಟ್ರ ಬುದ್ಧಿ, ನೋಡಿದ ಉತ್ತರಪತ್ರಿಕೆಗೆ ಕೆಂಪು ಗೀಟು ತಾನೆ? ಆದರೆ ಆಮೇಲೆ ಯಾವತ್ತೋ, ಸಿಗ್ನಲ್ ದೀಪದ ಹಾಗೆ ಕೆಂಪೆಂದರೆ ಬಾಕಿ, ಹಸಿರೆಂದರೆ ಆಯಿತು ಎಂದು ಬದಲಾಯಿಸಿದಂತೆಯೂ ನೆನಪು. ಅಕ್ಕನ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದದ್ದು ಕಣ್ಣಿಗೆ ಕಟ್ಟಿದೆ. ಆದರೆ ಆ ಜಗಲಿಯಲ್ಲಿ ನಾನು ಮೂವತ್ತು ವರ್ಷದಿಂದ ಮಜ್ಜಿಗೆ ಕುಡಿಯುತ್ತಿದ್ದೇನೆ. ಹೆಂಡತಿಗೆ ಫೋನ್ ಮಾಡಿದೆ.

"ನಿಮ್ಮಕ್ಕನ ಮನೆಗೆ ನೀವು ಹೋಗಿದ್ರೋ ಇಲ್ವೋ ಅಂತ ನನ್ನ ಕೇಳ್ತೀರಲ್ರೀ! ಚೀಲ ನೋಡಿ. ಅವರ ಹೆಸರು ಬರೆದ ಪತ್ರಿಕೆ ಇದ್ರೆ ಹೋಗಿಲ್ಲ ಅಂತ."

"ಹೆಸರು ಬರೆದಿಲ್ಲ ಕಣೆ. ಹೆಸರೆಲ್ಲ ಕಂಪ್ಯೂಟರಲ್ಲಿ ಇದ್ಯಲ್ಲ, ಎರಡೆರಡು ಸಲ ಯಾಕೆ ಅಂತ..."

ಅವಳು ಫೋನಿಟ್ಟಳು. ಎರಡು ಸಲ ಕರೆದರೆ ನಗುತ್ತಾರೆ, ಒಂದು ಸಲವೂ ಕರೆಯದಿದ್ದರೆ ನಗುವವರೇ ಇರುವುದಿಲ್ಲ. ಸ್ಕೂಟರನ್ನು ಹೂಗ್ಯಂ ಕಡೆ ತಿರುಗಿಸಿದೆ.

ಅಕ್ಕ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿ ಹಸನು ಮಾಡುತ್ತಿದ್ದಳು. "ಬಾ ಕಣ್ಲಾ, ಕುಂತ್ಕ," ಎಂದಳು. ಆ ಎರಡು ಮಾತಿನಲ್ಲಿ ಇದು ಎಷ್ಟನೆಯ ಸಲ ಎಂದು ಹುಡುಕಿದೆ, ಸಿಗಲಿಲ್ಲ. ಮಜ್ಜಿಗೆ ಬಂತು. ಕುಡಿದು, ಪತ್ರಿಕೆ ತೆಗೆದು, ಮೂಲೆಗೆ ಅರಿಶಿನ ಹಚ್ಚಿ ಚಾಚಿದೆ.

ಅಕ್ಕ ಮೊರ ಕೆಳಗಿಟ್ಟಳು. ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಪತ್ರಿಕೆಗಳನ್ನು ತಂದು ನನ್ನ ಮುಂದೆ ಹಿಡಿದಳು. ಒಂದಲ್ಲ, ಎರಡು.

"ಇದು ಓದ್ವಾರ ಕೊಟ್ಟಿದ್ದು. ಇದು ಮೊನ್ನೆ ಕೊಟ್ಟಿದ್ದು. ನನ್ ತಮ್ಮ ಎಲ್ಡ್ ಸಲ ಬಂದು ಕರ್ದವ್ನೆ, ಅಷ್ಟ್ ಪಿರೂತಿ ಅಂತ ಬೀದಿಗೆಲ್ಲ ಯೋಳ್ಕ ಬಂದಿವ್ನಿ." ನನ್ನ ಕೈಯಲ್ಲಿದ್ದ ಮೂರನೆಯದನ್ನೂ ತೆಗೆದುಕೊಂಡು ಅವುಗಳ ಜೊತೆ ಸೇರಿಸಿದಳು. ನಗಲಿಲ್ಲ. "ಅಪ್ಪಂಗೂ ಮರ್ವು ಇಂಗೇ ಕಣ್ಲಾ ಸುರು ಆದದ್ದು."

ನಾನು ಹುರುಳಿ ನೋಡುತ್ತ ಕೂತೆ. ಕೆಂಪು ಅಂದರೆ ಕರೆದಾಯಿತು ಎಂದೇ ಆದರೆ, ಹಸಿರು ಹಚ್ಚಿ ನೆಮ್ಮದಿಯಾಗಿ ಬಿಟ್ಟಿರುವ ಮನೆಗಳನ್ನು ಯಾರು ಕರೆದರು? ಹತ್ತು ದಿನದಲ್ಲಿ ಮೊದಲಿನಿಂದ ಶುರು ಮಾಡಬೇಕು. ಅದಕ್ಕಿಂತ ಹೆಚ್ಚಾಗಿ ಅಪ್ಪನ ಹೆಸರು ಬಂದದ್ದು ಎದೆಯಲ್ಲಿ ಕೂತಿತು. ಪುರಾವೆ ಕೇಳುತ್ತಿದ್ದವನಿಗೆ ಅರಿಶಿನ ಹಚ್ಚಿದ ಎರಡು ಪುರಾವೆಗಳು ಸಿಕ್ಕಿದ್ದವು.

ಹೊರಡುವಾಗ ಅಕ್ಕ ಅರಿಶಿನದಲ್ಲಿ ಹೆಬ್ಬೆರಳು ಅದ್ದಿ ನನ್ನ ಬಿಳಿ ಅಂಗಿಯ ಜೇಬಿನ ಮೇಲೆ ಒತ್ತಿದಳು. "ಇದ ಕಂಡಾಗೆಲ್ಲ ಅಕ್ಕನ ಮನೆ ಆಯ್ತು ಅಂದ್ಕ. ಇನ್ ಬರ್ಬ್ಯಾಡ. ಮದ್ವೆ ಮನೇಲಿ ನಾನೇ ನಿನ್ ಪಕ್ಕ ಕುಂತ್ಕತೀನಿ, ಯಾರ್ ಯಾರು ಅಂತ ಯೋಳ್ಕೊಡ್ತೀನಿ, ಓಗು."

ಮನೆಗೆ ಬಂದು, ಇಂಟರ್ನೆಟ್ಟಿನ ಗುಂಪಿನವರಿಗೆ ಎಲ್ಲ ಬರೆದು, ನಾನು ಹೇಳಿದ್ದೇ ಸರಿಯಾಯಿತು ನೋಡಿ ಎನ್ನೋಣವೆಂದುಕೊಂಡೆ. ಕೈ ಬರಲಿಲ್ಲ. ಬಣ್ಣ ಬೇಕೋ ಬೇಡವೋ ಎಂದು ಮೂರು ವಾರ ಜಗಳವಾಡಿದೆವು. ಹಚ್ಚಿದವನೇ ಅರ್ಥ ಮರೆತರೆ ಏನು ಮಾಡುವುದು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಆ ಅಂಗಿಯನ್ನು ಒಗೆಯಲು ಹಾಕದೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ. ಇವತ್ತು ಬೆಳಿಗ್ಗೆ ಹಳದಿ ಗುರುತು ಕಣ್ಣಿಗೆ ಬಿತ್ತು. ಅಕ್ಕನ ಮನೆ, ಅದು ತಕ್ಷಣ ಹೊಳೆಯಿತು. ಆಯಿತು ಎಂದು ಹಚ್ಚಿದ್ದೋ, ಮರೆಯದೆ ಹೋಗು ಎಂದು ಹಚ್ಚಿದ್ದೋ ಎಂದು ಸ್ಕೂಟರಿನ ಕೀ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ.