ಮೂವರು ಸಾಕ್ಷಿ, ಹನ್ನೊಂದು ಜಾಹೀರಾತು

ವಿವಾಹ ನೋಂದಣಿ ಕಚೇರಿಯಲ್ಲಿ ಒಂದು ಮದುವೆ ಊರ್ಜಿತವಾಗಲು ವಧು, ವರ, ಮೂವರು ಸಾಕ್ಷಿಗಳು ಮತ್ತು ಹನ್ನೊಂದು ಜಾಹೀರಾತುಗಳು ಅಗತ್ಯ. ಮೊದಲಿನ ಐವರನ್ನು ಕಾನೂನು ಕೇಳುತ್ತದೆ. ಜಾಹೀರಾತುಗಳನ್ನು ಕೇಳುವುದು, ನೋಂದಣಿಯ ತಂತ್ರಾಂಶವನ್ನು ಕಚೇರಿಗೆ ಪುಕ್ಕಟೆಯಾಗಿ ಕೊಟ್ಟ ಕಂಪನಿ. ದಾನದ ಎಮ್ಮೆಯ ಹಲ್ಲು ಎಣಿಸಬಾರದೆಂದು ಸಾಹೇಬರು ಕರಾರನ್ನು ಓದದೆಯೇ ಸಹಿ ಹಾಕಿದ್ದರು.

ಹಲ್ಲು ಎಣಿಸುವ ಕೆಲಸ ಗುಮಾಸ್ತೆಯ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷದಿಂದ ಊರವರ ಮದುವೆಗಳನ್ನೆಲ್ಲ ದಾಖಲಿಸಿದ ಆಕೆಯನ್ನು ಎಲ್ಲರೂ ಮದುವೆಯಮ್ಮ ಎಂದೇ ಕರೆಯುತ್ತಿದ್ದರು. ವಧುವಿನ ಹೆಸರಿನ ಮೊದಲಕ್ಷರ ಒತ್ತುತ್ತಿದ್ದಂತೆ ಪರದೆಯ ಮೇಲೆ ಹಾಸಿಗೆ ಬಂದು ಮಲಗುತ್ತಿತ್ತು. ವರನ ವಿಳಾಸದ ಮೇಲೆ ಕೂದಲ ಎಣ್ಣೆ ಸುರಿಯುತ್ತಿತ್ತು. ಮುಚ್ಚುವ ಗುರುತು ಎಳ್ಳುಕಾಳಿನಷ್ಟು; ಅದೂ ಬೆರಳು ಹತ್ತಿರ ಹೋದರೆ ನಾಚಿಕೊಂಡು ಪಕ್ಕಕ್ಕೆ ಸರಿಯುತ್ತಿತ್ತು. ಹಾಗೆ ಒಮ್ಮೆ ಗುರಿ ತಪ್ಪಿದ್ದಕ್ಕೆ ಕಚೇರಿಗೆ ಏಳು ಕುಕ್ಕರ್ ಬಂದಿದ್ದವು. ಅವುಗಳಿಗೆ ‘ಲೇಖನ ಸಾಮಗ್ರಿ’ ಎಂಬ ಚೀಟಿ ಅಂಟಿಸಿ ಬೀರುವಿನಲ್ಲಿ ಇಡಲಾಗಿದೆ. ಸರಿಯಾಗಿ ಸಹಿ ಹಾಕುವ ಹೊತ್ತಿಗೆ ಬರುತ್ತಿದ್ದದ್ದು ‘ಇದಕ್ಕಿಂತ ಒಳ್ಳೆಯ ಸಂಬಂಧ ನಿಮ್ಮ ಪಕ್ಕದ ಬೀದಿಯಲ್ಲೇ ಇದೆ!’ ಎಂಬ ಜಾಹೀರಾತು. ಒಬ್ಬ ವರ ಅದನ್ನು ಸ್ವಲ್ಪ ಬಗ್ಗಿ ನೋಡಿದ. ಆ ಮದುವೆ ಅವತ್ತು ನಡೆಯಲಿಲ್ಲ.

ಒಂದು ಸೋಮವಾರ ಸಂಜೆ ನಾಲ್ಕು ಗಂಟೆಗೆ ಒಬ್ಬ ನರ್ಸು, ಒಬ್ಬ ವೆಲ್ಡರ್, ಅವರ ಮೂವರು ಸಾಕ್ಷಿಗಳು ಬೆಂಚಿನಿಂದ ಎದ್ದು ಮದುವೆಯಮ್ಮನ ಮೇಜಿಗೆ ಬಂದರು. ಬೆಳಿಗ್ಗೆ ಹತ್ತರಿಂದ ಕಾದಿದ್ದರು.

“ಮೇಡಂ, ಐದು ಗಂಟೆಗೆ ನನ್ನ ವರ್ಗಾವಣೆ ಅರ್ಜಿಗೆ ಗಡುವು,” ಎಂದಳು ನರ್ಸು. “ಸರ್ಟಿಫಿಕೇಟ್ ಸೇರಿಸದಿದ್ರೆ ಇನ್ನು ಮೂರು ವರ್ಷ ಇವರು ಅಲ್ಲಿ, ನಾನು ಇಲ್ಲಿ.”

“ನಾನೇನು ಮಾಡ್ಲಮ್ಮ? ಹಾಸಿಗೆ ಹೋಗ್ಬೇಕು, ಎಣ್ಣೆ ಬಂದು ಹೋಗ್ಬೇಕು, ಆಮೇಲೆ ನೀವು.”

“ಆ್ಯಡ್ ಬ್ಲಾಕರ್ ಹಾಕಿಲ್ವಾ?”

“ಹಾಗಂದ್ರೆ?”

“ಸೊಳ್ಳೆ ಪರದೆ ಇದ್ದ ಹಾಗೆ ಮೇಡಂ. ಕಟ್ಟಿದ್ರೆ ಒಂದೂ ಒಳಗೆ ಬರಲ್ಲ. ಸ್ವಲ್ಪ ಸರೀರಿ.”

ಮದುವೆಯಮ್ಮ ಸರಿದರು. ನರ್ಸು ಇಂಜೆಕ್ಷನ್ ಕೊಡುವಷ್ಟೇ ಹೊತ್ತಿನಲ್ಲಿ ಕೆಲಸ ಮುಗಿಸಿದಳು. ಪರದೆಯ ಮೇಲೆ ಬರೀ ಅರ್ಜಿ ಉಳಿಯಿತು. ತಂತ್ರಾಂಶ ಬಂದ ನಾಲ್ಕು ವರ್ಷದಲ್ಲಿ ಮದುವೆಯಮ್ಮ ಅದನ್ನು ಇಡಿಯಾಗಿ ನೋಡಿದ್ದು ಅದೇ ಮೊದಲು. ಕೆಳಗಡೆ ‘ವಧೂವರರಿಗೆ ಶುಭವಾಗಲಿ’ ಎಂಬ ಸಾಲೊಂದಿತ್ತು. ಅದನ್ನು ಆಕೆ ಗಟ್ಟಿಯಾಗಿ ಓದಿದರು. ನಾಲ್ಕೂ ಹನ್ನೆರಡಕ್ಕೆ ಆ ಇಬ್ಬರೂ ಗಂಡ ಹೆಂಡತಿ ಆಗಿದ್ದರು.

ಅವರದೂ ಸೇರಿ ಎರಡು ವಾರದಲ್ಲಿ ನಲವತ್ತಮೂರು ಮದುವೆ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಬೆಂಚು ಖಾಲಿ. ಮದುವೆಯಮ್ಮ ಹಳೆಯ ಕಡತಗಳ ಧೂಳು ಹೊಡೆದರು, ಕಿಟಕಿ ಒರೆಸಿದರು, ಸರಿಯಾದ ಹೊತ್ತಿಗೆ ಊಟ ಮಾಡಿದರು. ಇದನ್ನು ಸಾಹೇಬರು ಗಮನಿಸಿ ಕಳವಳಗೊಂಡರು.

“ಕಾಯೋರೇ ಇಲ್ಲ ಅಂದ್ರೆ ಇದೆಂಥ ಕಚೇರಿ ಕಣಮ್ಮ? ಮೇಲಿನವರು ನೋಡಿದ್ರೆ ಕೆಲಸ ಇಲ್ಲ ಅಂತ ಬೀಗ ಹಾಕ್ತಾರೆ.”

ಅವರ ಕಳವಳಕ್ಕೆ ತಕ್ಕಂತೆ ಕಂಪನಿಯ ಪತ್ರವೂ ಬಂತು. ಅದರ ಆಧಾರದ ಮೇಲೆ ಸಾಹೇಬರು ಸುತ್ತೋಲೆ ಹೊರಡಿಸಿ, ಬಾಗಿಲಿಗೆ ಅಂಟಿಸಿ, ದಂಪತಿಗಳಿಗೂ ಕಳುಹಿಸಿದರು:

‘ಅನಧಿಕೃತ ಜಾಹೀರಾತು ನಿರೋಧಕದ ಬಳಕೆಯಿಂದಾಗಿ ನಲವತ್ತಮೂರು ವಿವಾಹಗಳು ಜಾಹೀರಾತುಗಳ ಸಮ್ಮುಖದಲ್ಲಿ ನಡೆದಿರುವುದಿಲ್ಲ. ಸದರಿ ವಿವಾಹಗಳನ್ನು ಅಪೂರ್ಣವೆಂದು ಪರಿಗಣಿಸಲಾಗಿದೆ. ದಂಪತಿಗಳು ಖುದ್ದಾಗಿ ಹಾಜರಾಗಿ ಬಾಕಿ ಜಾಹೀರಾತುಗಳನ್ನು ವೀಕ್ಷಿಸತಕ್ಕದ್ದು. ವೀಕ್ಷಣೆಯ ವೇಳೆ ಕಣ್ಣು ಮುಚ್ಚುವುದನ್ನು ಸಹ ನಿರೋಧಕವೆಂದೇ ಭಾವಿಸಲಾಗುವುದು. ಮಿಟುಕಿಸಲು ಅಡ್ಡಿಯಿಲ್ಲ.’

ಆಮೇಲೆ ವಿಚಾರಣೆ. “ಹಾಕಿದ್ದು ಯಾರು?”

ಮದುವೆಯಮ್ಮನಿಗೆ ಬೆಂಚಿನಿಂದ ಎದ್ದು ಬಂದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. “ನಾನೇ ಸಾರ್.”

“ನಿಮಗೆ ಬರತ್ತಾ ಅದೆಲ್ಲ?”

“ಸೊಳ್ಳೆ ಪರದೆ ಕಟ್ಟೋಕೆ ಯಾರಿಗೆ ಬರಲ್ಲ ಸಾರ್?”

ಮನೆಯಲ್ಲಿ ಪೋಸ್ಟ್‌ಮ್ಯಾನ್ ಗಂಡ ಸೈಕಲ್ಲಿಗೆ ಗಾಳಿ ಹಾಕುತ್ತ ವಿಷಯ ಕೇಳಿಸಿಕೊಂಡ. “ನಿಜ ಹೇಳಿಬಿಡಬಾರದಿತ್ತೇನೇ?”

“ಅವಳಿಗೆ ಈಗಷ್ಟೇ ವರ್ಗ ಆಗಿದೆ ರೀ. ನನ್ನನ್ನ ಎಲ್ಲಿಗೆ ಅಂತ ಎತ್ತಿ ಹಾಕ್ತಾರೆ? ಹೆಚ್ಚೆಂದ್ರೆ ಮದುವೆ ನೋಂದಣಿಯಿಂದ ಮರಣ ನೋಂದಣಿಗೆ.” ನಕ್ಕರೂ, ಆಮೇಲೆ ಚಪಾತಿ ಮಗುಚುವುದನ್ನು ಮರೆತು ಕರಕಲು ಮಾಡಿದರು.

ದಂಪತಿಗಳು ಬರತೊಡಗಿದರು. ಕೆಲವರು ಮದುವೆಯ ಬಟ್ಟೆಯಲ್ಲೇ ಬಂದರು, ಯಾವುದಕ್ಕೂ ಇರಲಿ ಎಂದು. ಹದಿನೈದೇ ದಿನದಲ್ಲಿ ಜಗಳವಾಡಿ ಬೇರೆ ಬೇರೆ ಬಸ್ಸಿನಲ್ಲಿ ಬಂದಿದ್ದ ಒಂದು ಜೋಡಿ ಬೆಂಚಿನ ಎರಡು ತುದಿಯಲ್ಲಿ ಕೂತಿತು. ಒಳ್ಳೆಯ ಸಂಬಂಧ ಪಕ್ಕದ ಬೀದಿಯಲ್ಲೇ ಇದೆ ಎಂದು ಪರದೆ ಹೇಳಿದಾಗ, “ಹೋಗಿ ನೋಡ್ಕೊಂಡು ಬನ್ನಿ,” ಎಂದಳು ಹೆಂಡತಿ. “ಆ ಬೀದೀಲಿ ನಾಯಿ ಕಾಟ,” ಎಂದ ಗಂಡ. ಇಬ್ಬರೂ ನಕ್ಕು, ಒಂದೇ ಬಸ್ಸು ಹತ್ತಿ ಹೋದರು. ಸಾಹೇಬರು ಇದನ್ನು ‘ಯೋಜನೆಯ ಸಾಮಾಜಿಕ ಪ್ರಯೋಜನ’ ಎಂದು ವರದಿಯಲ್ಲಿ ಬರೆದರು.

ನರ್ಸೂ ವೆಲ್ಡರೂ ಆರು ಗಂಟೆ ಪ್ರಯಾಣ ಮಾಡಿ ಬಂದರು. ಸುತ್ತೋಲೆ ಓದಿದ ನರ್ಸು ನೇರ ಮೇಜಿಗೆ ಬಂದು ಪಿಸುಗುಟ್ಟಿದಳು: “ನನ್ನ ಹೆಸರು ಹೇಳಿಬಿಡಿ ಅಕ್ಕ. ನನ್ನಿಂದ ನಿಮಗೆ ಯಾಕೆ ತೊಂದರೆ?”

“ಸುಮ್ನೆ ಕೂತ್ಕೊಂಡು ಎಣ್ಣೆ ನೋಡಮ್ಮ,” ಎಂದರು ಮದುವೆಯಮ್ಮ. “ಮನೆ ಸಿಕ್ತಾ?”

“ಸಿಕ್ತು. ಎರಡು ಕೋಣೆ.”

“ಅಷ್ಟು ಸಾಕು.”

ಕೊನೆಯ ಆದೇಶವನ್ನು ಸಾಹೇಬರು ಎದ್ದು ನಿಂತೇ ಓದಿದರು. ಇಬ್ಬಿಬ್ಬರು ಪಕ್ಕಪಕ್ಕ ಕೂತು, ಕಣ್ಣು ತೆರೆದು, ಹನ್ನೊಂದನ್ನೂ ನೋಡಿದ ದಾಖಲೆ ಬೇರೆಲ್ಲೂ ಇಲ್ಲವಾದ್ದರಿಂದ ಕಂಪನಿಗೆ ಪರಮಾನಂದವಾಗಿತ್ತು. ಹಾಗಾಗಿ ಮದುವೆಯಮ್ಮನ ತಪ್ಪನ್ನು ಮನ್ನಿಸಿ, ‘ಜಾಹೀರಾತು ನಿರೋಧಕ ಅಧಿಕಾರಿ’ ಎಂಬ ಹೊಸ ಹುದ್ದೆ ಕೊಡಲಾಗಿತ್ತು. ಸಾರ್ವಜನಿಕರ ಬಹುದಿನದ ಬೇಡಿಕೆಯ ಮೇರೆಗೆ ಕಂಪನಿ ತನ್ನದೇ ಅಧಿಕೃತ ನಿರೋಧಕವನ್ನೂ ಕಳುಹಿಸಿತ್ತು. ಅದು ಹನ್ನೊಂದು ಜಾಹೀರಾತುಗಳನ್ನೂ ಸಂಪೂರ್ಣವಾಗಿ ತಡೆಯುತ್ತದೆ. ತಡೆಯುವ ಮುನ್ನ ಹನ್ನೆರಡು ತೋರಿಸುತ್ತದೆ.

ಬೆಂಚು ಮತ್ತೆ ತುಂಬಿತು. ಸಾಹೇಬರಿಗೆ ನೆಮ್ಮದಿಯಾಯಿತು.

ಮರುದಿನ ಮೊದಲ ವಧು ಕೇಳಿದಳು: “ಹನ್ನೆರಡು ಯಾಕೆ ಮೇಡಂ?”

“ಹನ್ನೊಂದನ್ನ ತಡೀಬೇಕಲ್ಲಮ್ಮ,” ಎಂದರು ಅಧಿಕಾರಿ.

“ಅದೂ ಸರೀನೇ,” ಎಂದ ವಧು, ವರನಿಗೆ ಸ್ವಲ್ಪ ಜರುಗಲು ಹೇಳಿ, ಬೆಂಚಿನ ಮೇಲೆ ಕೂತಳು.