ಒರಿಜಿನಲ್ ಇಂಜಿನ್ನೇ ಬೇಕು ಅಂದವರು

ಪೀಣ್ಯದಲ್ಲಿ ನನ್ನದೊಂದು ಶೆಡ್ಡಿದೆ. ಇಂಜಿನ್ ಬಿಚ್ಚೋದು, ಕಟ್ಟೋದು, ಅಷ್ಟೇ ನನ್ನ ವಿದ್ಯೆ. ಈ ಕಸುಬಿನಲ್ಲಿ ಬೇರೆಯವರ ಕೈಗೆ ಬರೀ ಗ್ರೀಸ್ ಅಂಟತ್ತೆ, ನನಗೆ ಅದರ ಜೊತೆ ಗಿರಾಕಿಗಳ ಸಂಸಾರಾನೂ ಅಂಟ್ಕೊಳ್ಳತ್ತೆ. ಕಾರು ರಿಪೇರಿಗೆ ಅಂತ ಬರ್ತಾರೆ, ಗಂಡ ಹೆಂಡತಿ ಜಗಳಾನ ನನ್ನ ಬೆಂಚಿನ ಮೇಲಿಟ್ಟು ಹೋಗ್ತಾರೆ. ಹೋದ ವರ್ಷ ಬಂದ ಒಂದು ಜೋಡಿಯನ್ನಂತೂ ನಾನು ಮರೆಯೋ ಹಾಗೇ ಇಲ್ಲ.

೧. ಮಂಡಿ ನೋವಿನ ಮಾತು

ಚಿಕ್ಕಬಾಣಾವರದ ಯಜಮಾನರೊಬ್ಬರು ತಮ್ಮ ಹಳೇ ಕಾರನ್ನ ಟೆಂಪೋಗೆ ಹಗ್ಗ ಕಟ್ಟಿಸಿ ಎಳೆಸ್ಕೊಂಡು ಬಂದ್ರು. ಸ್ಟೀರಿಂಗ್ ಹಿಡಿದು ಕೂತಿದ್ದ ಗತ್ತು ನೋಡಿದ್ರೆ ಟೆಂಪೋನ ಇವರೇ ತಳ್ತಿದಾರೆ ಅನ್ನಬೇಕು. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರಾದವರು. ಪಕ್ಕದ ಸೀಟಲ್ಲಿ ಅವರ ಯಜಮಾನ್ತಿ, ಪಟ್ಟಂದೂರು ಅಗ್ರಹಾರದ ಹೆಣ್ಣುಮಗಳು. ಕಾರು ಆಯಮ್ಮನ ಅಪ್ಪ ಓಡಿಸ್ತಿದ್ದದ್ದು. ಮದುವೆ ಆದಾಗ ಪ್ರೀತಿಯಿಂದ ಅಳಿಯನ ಕೈಗೆ ಬೀಗದ ಕೈ ಕೊಟ್ಟಿದ್ರಂತೆ.

ಆರು ವರ್ಷ ನಿಂತಲ್ಲೇ ನಿಂತು ಇಂಜಿನ್ ಜಾಮ್ ಆಗಿತ್ತು. ನಾನು ನೇರವಾಗಿ ಹೇಳ್ದೆ, ಸಾರ್, ವ್ಯಾನಿನ ಇಂಜಿನ್ ಒಂದು ನನ್ನ ಹತ್ರ ರೆಡಿ ಇದೆ, ಕೂರಿಸಿಬಿಟ್ರೆ ನಾಳಿದ್ದು ಓಡಿಸ್ಕೊಂಡು ಹೋಗಬಹುದು ಅಂತ. ಯಜಮಾನರ ಮುಖ ಕೆಂಪಗಾಯ್ತು. ಕಾರ್ಖಾನೆಯಿಂದ ಹೊರಗೆ ಬಂದಾಗ ಇದ್ದ ಇಂಜಿನ್ನೇ ಇವತ್ತಿಗೂ ಇದೆ, ನಂಬರ್ ಬೇಕಾದ್ರೆ ಆರ್‌ಸಿ ಕಾರ್ಡಲ್ಲಿ ನೋಡ್ಕೊಳ್ಳಿ ಅಂದ್ರು. ನೋಡ್ದೆ. ಸರಿಯಾಗೇ ಇತ್ತು. ಒರಿಜಿನಲ್ ತೆಗೆದು ಬೇರೆದು ಹಾಕಿದ್ರೆ ಅದು ಆ ಕಾರೇ ಅಲ್ಲ ಅಂತ ಅವರ ವಾದ.

ಆಯಮ್ಮ ಸೆರಗು ಸರಿ ಮಾಡ್ಕೊಂಡು ಅಂದ್ರು: "ನನ್ನ ಮಂಡಿ ಎಲ್ಡೂ ಬದ್ಲಾಯ್ಸವ್ರೆ. ಅಂಗಾದ್ರೆ ನಾನು ನಿಮ್ಮ ಎಂಡ್ತಿ ಅಲ್ವೇನ್ರೀ?"

ಯಜಮಾನರು ಆರ್‌ಸಿ ಕಾರ್ಡನ್ನ ಜೇಬಿಗೆ ಹಾಕ್ಕೊಂಡ್ರು. ನಾನು ಬಗ್ಗಿ ಯಾವುದೋ ನಟ್ಟು ಹುಡುಕೋ ಹಾಗೆ ಮಾಡ್ದೆ.

ಕೊನೆಗೆ ಒಂದು ಒಪ್ಪಂದ ಆಯ್ತು. ಆಯುಧಪೂಜೆ ದಿನ ಆಯಮ್ಮ ಇದೇ ಕಾರಲ್ಲಿ ತವರಿಗೆ ಹೋಗಬೇಕು. ಅಷ್ಟರೊಳಗೆ ಹಳೇ ಇಂಜಿನ್ ಸ್ಟಾರ್ಟ್ ಆದ್ರೆ ಸರಿ, ಇಲ್ದಿದ್ರೆ ವ್ಯಾನ್ ಇಂಜಿನ್, ಯಜಮಾನರು ಬಾಯಿ ಬಿಡಂಗಿಲ್ಲ. ಹೂಂ ಅಂದ್ರು ಪಾಪ. ಹೋಗುವಾಗ ಬಾನೆಟ್ಟನ್ನ ಒಂದ್ಸಲ ಸವರಿ, "ಹೆಂಗಾದ್ರೂ ಉಳಿಸ್ಕೊಡ್ರೀ" ಅಂತ ನನಗೆ ಮಾತ್ರ ಕೇಳೋ ಹಾಗೆ ಅಂದ್ರು. ಅದಕ್ಕೇ ನಾನು ಕರಗಿದ್ದು.

೨. ಬೋರಲ್ಲಿ ನೀರು

ನಾಲ್ಕು ದಿನ ಆದಮೇಲೆ ಇಂಜಿನ್ನಿನ ಹೆಡ್ಡು, ಅಂದ್ರೆ ಮೇಲಿನ ಮುಚ್ಚಳ, ಎತ್ತಿದೆ. ಮೂರನೇ ಪಿಸ್ಟನ್ ಮೇಲೆ ನೀರು ನಿಂತಿತ್ತು. ಪಿಸ್ಟನ್ ಮೇಲೆ ಕೆಳಗೆ ಓಡಾಡೋ ಆ ದುಂಡನೆ ಜಾಗಕ್ಕೆ ನಾವು ಬೋರ್ ಅಂತೀವಿ. ಅಲ್ಲಿ ನೀರು ಬಂತು ಅಂದ್ರೆ ಅರ್ಧ ಕಥೆ ಮುಗೀತು ಅಂತಲೇ ಅರ್ಥ. ಯಜಮಾನರಿಗೆ ಫೋನ್ ಮಾಡ್ದೆ, ಅವರು ಸ್ನಾನಕ್ಕೆ ಹೋಗಿದ್ರು, ಆಯಮ್ಮ ಎತ್ತಿದ್ರು. ಕೆಟ್ಟ ಸುದ್ದೀನ ಮೆಲ್ಲಗೆ ಹೇಳೋಣ ಅಂತ, "ಅಮ್ಮಾ, ಬೋರಲ್ಲಿ ನೀರು ಬಂದ್ಬಿಟ್ಟಿದೆ" ಅಂದೆ.

ಆಯಮ್ಮ ತಕ್ಷಣ "ಎಷ್ಟು ಇಂಚು?" ಅಂತ ಕೇಳಿದ್ರು. ಪರವಾಗಿಲ್ಲ, ಆಯಮ್ಮನಿಗೂ ಇಂಜಿನ್ ಗೊತ್ತಲ್ಲ ಅನ್ಕೊಂಡು, ಹತ್ತಿರ ಹತ್ತಿರ ಒಂದಿಂಚು ಇರಬಹುದು ಅಂದೆ. "ಒಂದಿಂಚಾದ್ರೂ ಸಾಕು ಬುಡಪ್ಪ, ನಿನ್ನ ಬಾಯಿಗೆ ಸಕ್ಕರೆ ಆಕ" ಅಂತ ಫೋನ್ ಇಟ್ರು. ನಾನು ಫೋನ್ ಹಿಡ್ಕೊಂಡು ಹಾಗೇ ನಿಂತಿದ್ದೆ.

ಮಧ್ಯಾಹ್ನ ಯಜಮಾನರು ಡಬ್ಬಿ ತುಂಬ ಕೇಸರಿಬಾತ್ ಹಿಡ್ಕೊಂಡು ಬಂದ್ರು, ತುಪ್ಪ ತೇಲ್ತಿತ್ತು. ಆಮೇಲೆ ಗೊತ್ತಾಯ್ತು, ಅವರ ಬಾಡಿಗೆ ಮನೆಗಳ ಹಿಂದೆ ಎರಡು ದಿನದಿಂದ ಬೋರ್‌ವೆಲ್ ಕೊರೀತಿದ್ರಂತೆ, ಬರೀ ಧೂಳು ಬರ್ತಿತ್ತಂತೆ. ಬೋರಿನವರೇ ಫೋನ್ ಮಾಡಿದಾರೆ ಅನ್ಕೊಂಡು ಆಯಮ್ಮ ದೇವರಿಗೆ ದೀಪ ಹಚ್ಚಿ, ಬಾಡಿಗೆಯವರಿಗೆಲ್ಲ ಸಿಹಿ ಹಂಚಿದ್ರು. ಚಿಕ್ಕಬಾಣಾವರದ ಆ ಮನೆಯವರಿಗೆ ಅವತ್ತು ನೀರು ಸಿಕ್ಕಿದ್ದು ಪೀಣ್ಯದಲ್ಲಿ, ನನ್ನ ಶೆಡ್ಡಿನ ಮೂರನೇ ಪಿಸ್ಟನ್ ಮೇಲೆ ಮಾತ್ರ.

೩. ವಡೆಯ ಸೆಂಟರ್

ಬೋರ್ ತುಕ್ಕು ಹಿಡಿದಿತ್ತು. ಉಳಿದದ್ದು ಒಂದೇ ದಾರಿ, ಅಗಲ ಮಾಡಿ ಒಳಗೆ ಹೊಸ ಕೊಳವೆ ಕೂರಿಸೋದು, ಅದಕ್ಕೆ ತಕ್ಕ ಪಿಸ್ಟನ್ ಹುಡುಕೋದು. ಪಿಸ್ಟನ್ ಸಿಕ್ಕಿದ್ದೇ ಪುಣ್ಯ ಅಂತ ನಾನಿದ್ರೆ, ಯಜಮಾನರು ಮನೆಯಿಂದ ಸ್ವಂತ ಮೈಕ್ರೋಮೀಟರ್ ತಂದು ಅಳೆಯೋಕೆ ಕೂತ್ರು. ಕೂದಲಿಗಿಂತ ಕಮ್ಮಿ ವ್ಯತ್ಯಾಸ. ರಿಜೆಕ್ಟ್ ಅಂದ್ರು. ಎರಡನೇ ಸೆಟ್ ತರಿಸ್ದೆ, ಅದೂ ರಿಜೆಕ್ಟ್. ಹಬ್ಬಕ್ಕೆ ಆರು ದಿನ ಉಳಿದಿತ್ತು. ನನಗೆ ರೇಗಿಹೋಯ್ತು. ಸಾರ್, ನಿಮ್ಮ ಇಂಜಿನ್ನನ್ನ ವ್ಯಾನ್ ಇಂಜಿನ್ ಸೋಲಿಸ್ತಿಲ್ಲ, ನೀವೇ ಸೋಲಿಸ್ತಿದೀರಾ ಅಂದ್ಬಿಟ್ಟೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ತಪ್ಪು ಅಳತೆಯದು ಹಾಕಿ ಅದು ದಾರೀಲಿ ನಿಂತ್ರೆ ನಮ್ಮವಳ ಮುಂದೆ ಹೆಂಗ್ರೀ ತಲೆ ಎತ್ತಲಿ ಅಂದ್ರು.

ಸಮಾಧಾನಕ್ಕೆ ಅಂತ ಪಕ್ಕದ ದರ್ಶಿನಿಗೆ ಕರ್ಕೊಂಡು ಹೋದೆ. ಇಡ್ಲಿ ವಡೆ ಬಂತು. ಯಜಮಾನರು ವಡೆ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತೂತು ಸೆಂಟರಲ್ಲಿಲ್ಲ ಅಂತ ವಾಪಸ್ ಇಟ್ರು. ಕೌಂಟರಿನವನು ಬೇರೆ ವಡೆ ಕೊಟ್ಟ. ಅದನ್ನೂ ನೋಡಿದ್ರು. ಅವನು ಅಷ್ಟೊತ್ತಿಗೆ ಸುಸ್ತಾಗಿ, "ಸಾರ್, ತೂತು ಬಿಟ್ಟು ಮಿಕ್ಕಿದ್ದು ತಿನ್ನಿ" ಅಂದ.

೪. ಪರೀಕ್ಷೆಗೆ ಸಿಗದೇ ಹೋದದ್ದು

ಮೂರನೇ ಸೆಟ್ ಪಾಸಾಯ್ತು. ಆಯುಧಪೂಜೆ ಬೆಳಿಗ್ಗೆ ಶೆಡ್ಡಿಗೆ ಮಾವಿನ ಸೊಪ್ಪು ಕಟ್ಟಿ, ಕಾರಿಗೆ ಚೆಂಡು ಹೂವಿನ ಹಾರ ಹಾಕಿದ್ವಿ. ವ್ಯಾನ್ ಇಂಜಿನ್ ಮೂಲೆಯಲ್ಲೇ ಕಾಯ್ತಿತ್ತು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ನಿಂತ್ರು. ಯಜಮಾನರು ಕೀ ತಿರುಗಿಸಿದ್ರು. ಕೆಮ್ಮಿತು, ಸುಮ್ಮನಾಯ್ತು. ಎರಡನೇ ಸಲವೂ ಹಾಗೇ. ಮೂರನೇ ಸಲಕ್ಕೆ ಒಂದಿಷ್ಟು ಕಪ್ಪು ಹೊಗೆ ಬಿಟ್ಟು ಹಿಡಿದ್ಕೊಳ್ತು ನೋಡಿ, ಆ ಸದ್ದು ಕೇಳಿ ಯಜಮಾನರು ಅಳ್ತಿದ್ರು. ನನ್ನ ಕಣ್ಣೂ ಒದ್ದೆ ಆಗಿತ್ತು, ಸುಳ್ಳು ಹೇಳಲ್ಲ.

ಅಷ್ಟಕ್ಕೆ ಬಿಡಬೇಕಿತ್ತು. ಅವರು ಇಳಿದು ಜನಕ್ಕೆಲ್ಲ ಭಾಷಣ ಶುರು ಮಾಡಿದ್ರು, ಕಾರ್ಖಾನೆಯಿಂದ ಬಂದ ಇಂಜಿನ್ನೇ ಇದು, ಒರಿಜಿನಲ್ ಅಂದ್ರೆ ಏನು ಅಂತ ನೋಡ್ಕೊಳ್ಳಿ ಅಂತ. ಆಯಮ್ಮನಿಗೆ ನಗು ತಡೆಯೋಕಾಗಲಿಲ್ಲ. ಸೆರಗು ಬಾಯಿಗೆ ಒತ್ಕೊಂಡ್ರೂ ಬಂದೇಬಿಡ್ತು.

"ಒರಿಜಿನಲ್ಲು ನಮ್ಮ ಮದ್ವೆಗೆ ಮುಂಚೇನೆ ಓಯ್ತು ಕಣ್ರೀ. ನಮ್ಮಪ್ಪ ಇಂಥದ್ದೇ ಇನ್ನೊಂದು ಕಾರಿಂದು ತಂದು ಆಕ್ಸಿದ್ದು. ನಂಬರೂ ಆರ್‌ಸಿ ಬುಕ್ಕಲ್ಲಿ ಬದಲಾಯ್ಸಿದ್ರು."

ಹಳೇ ಬುಕ್ ಹೋಗಿ ಬಂದ ಕಾರ್ಡಲ್ಲಿ ಬದಲಾದ ನಂಬರ್ ಮಾತ್ರ ಇತ್ತು, ಬದಲಾಯಿಸಿದ ಸುದ್ದಿ ಇರಲಿಲ್ಲ, ಅದಕ್ಕೇ ನಾನೂ ಬೇಸ್ತು ಬಿದ್ದಿದ್ದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಯಜಮಾನರು ಕೇಳಿದ್ರು, ದನಿ ಇಳಿದುಹೋಗಿತ್ತು. ನೀವು ಎಲ್ಲಾರ್ಗೂ ಅಷ್ಟು ಕುಸಿಯಾಗಿ ತೋರ್ಸ್ತಿದ್ರಿ, ಎಂಗೆ ಯೋಳ್ಲಿ ಅಂದ್ರು ಆಯಮ್ಮ. ಹಾಗಂತ ಅವರ ಕೈ ಹಿಡ್ಕೊಂಡ್ರು ಕೂಡ.

ಆದ್ರೆ ನನಗೆ ತಡೀಲಿಲ್ಲ. ವಡೇನೂ ಬಿಡದೆ ಪರೀಕ್ಷೆ ಮಾಡೋರು, ಇದೊಂದನ್ನ ಹೇಗೆ ಸಾರ್ ಬಿಟ್ರಿ ಅಂತ ಕೇಳೇಬಿಟ್ಟೆ.

ಯಜಮಾನರು ಕಣ್ಣೊರೆಸ್ಕೊಂಡು, "ಮಾವನ ಮನೆಯಿಂದ ಬಂದದ್ದನ್ನ ಇನ್‌ಸ್ಪೆಕ್ಷನ್ ಮಾಡೋಕಾಗತ್ತೇನ್ರೀ?" ಅಂದ್ರು.

ಆಯಮ್ಮ ಕಾರಿನ ಬಾಗಿಲು ತೆಗೆದು ಹತ್ತಿ ಕೂತ್ಕೊಳ್ತಾ, "ಮಾಡಿದ್ರೆ ನಾನೇ ರಿಜೆಕ್ಟ್ ಆಗಿರ್ತಿದ್ದೆ, ಬನ್ನಿ ಓಗಾಣ" ಅಂದ್ರು.