ಸೋಮವಾರ ಮಾತ್ರ ಏರುವ ಬಿಸಿ

ಸೊಳ್ಳೆ ಹಿಡಿಯುವ ಕೆಲಸಕ್ಕೆ ಹೋದವನಿಗೆ ಕಚ್ಚಿಸಿಕೊಳ್ಳುವುದೂ ತಪ್ಪದು, ನಗೆಪಾಟಲಾಗುವುದೂ ತಪ್ಪದು. ತಾಳವಾಡಿ ಬೆಟ್ಟದಲ್ಲಿ ಈ ಕೆಲಸಕ್ಕೆ ಸೇರಿದಾಗಿನಿಂದ ನನಗೆ ಎರಡರಲ್ಲೂ ಕೊರತೆಯಾಗಿಲ್ಲ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾವು ಚಿಕ್ಕವರಿದ್ದಾಗ ಇಲ್ಲಿಯ ಚಳಿಗೆ ಹೆದರಿ ಡೆಂಗಿ ಸೊಳ್ಳೆ ಇತ್ತ ಸುಳಿಯುತ್ತಿರಲಿಲ್ಲ ಅನ್ನುತ್ತಾರೆ. ಈಗ ಬೆಟ್ಟ ಬೆಚ್ಚಗಾಗುತ್ತಿದೆಯೇ, ಸೊಳ್ಳೆ ಮೇಲೆ ಹತ್ತಿದೆಯೇ ಎಂದು ನೋಡಲು ಕೊಯಮತ್ತೂರು ಕಡೆಯಿಂದ ಒಬ್ಬ ಡಾಕ್ಟರಮ್ಮ ಬಂದಿದ್ದಾರೆ. ಸೂಜಿ ಚುಚ್ಚುವ ಡಾಕ್ಟರಲ್ಲ, ಸೊಳ್ಳೆ ಓದಿದ ಡಾಕ್ಟರು. ನಾನು ಅವರ ಸಹಾಯಕ. ವರದಿ ಗಟ್ಟಿಯಾಗಿದ್ದರೆ ಜ್ವರದ ರಕ್ತಪರೀಕ್ಷೆಯನ್ನು ಬೆಟ್ಟಕ್ಕೇ ತರುತ್ತೇವೆ ಎಂದು ಮೇಲಿನವರು ಮಾತು ಕೊಟ್ಟಿದ್ದರು.

ಹೋದ ವರ್ಷ ನನ್ನ ಮಗಳಿಗೆ ಜ್ವರ ಬಂದು, ಆ ಪರೀಕ್ಷೆಗೆಂದೇ ಅವಳನ್ನು ಎತ್ತಿಕೊಂಡು ದಿಂಬಂ ಘಾಟಿ ಇಳಿದಿದ್ದೆ. ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಮಗು ನನ್ನ ತೋಳಲ್ಲಿ ಸೋತು ಮಲಗಿತ್ತು. ಅವತ್ತಿನ ಹೆದರಿಕೆ ನನಗಿನ್ನೂ ಹೋಗಿಲ್ಲ. ಹಾಗಾಗಿ ವರದಿ ಡಾಕ್ಟರಮ್ಮನದಾದರೂ ಚಿಂತೆ ನನ್ನದು.

ಹೊಳೆಯುವ ಲೋಟ

ಸೊಳ್ಳೆ ಮೊಟ್ಟೆ ಇಡಲಿ ಎಂದು ಮನೆಮನೆಯಲ್ಲಿ ಕಪ್ಪು ಲೋಟಕ್ಕೆ ನೀರು ಹಾಕಿ, ಒಂದು ಕಾಗದದ ಪಟ್ಟಿ ಇಳಿಬಿಟ್ಟು ಬರುತ್ತೇವೆ. ವಾರ ಕಳೆದು ಹೋಗಿ ಮೊಟ್ಟೆ ಎಣಿಸುತ್ತೇವೆ. ದೀಪಾವಳಿ ಮುಗಿದ ಮೇಲೆ ಗಂಡಸರೆಲ್ಲ ಸಗಣಿ ಎರಚಾಡಿಕೊಂಡು ನಲಿಯುವ ಗುಮಟಾಪುರದಲ್ಲಿ ಶುಚಿತನ ಕಡಿಮೆ ಎಂದುಕೊಂಡರೆ ನೀವು ಕೆಟ್ಟಿರಿ. ಅಲ್ಲಿಯ ಒಬ್ಬ ಅಜ್ಜಿಯ ಮನೆಯಲ್ಲಿ ಮೂರು ವಾರ ಆದರೂ ಒಂದು ಮೊಟ್ಟೆ ಇಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಲೋಟದ ತುಂಬ ಇವೆ. ಡಾಕ್ಟರಮ್ಮನಿಗೆ ಕುತೂಹಲ. ಮನೆಯ ದಿಕ್ಕು ನೋಡಿದರು, ನೆರಳು ನೋಡಿದರು, ಕೊಟ್ಟಿಗೆಯ ದೂರ ಅಳೆದರು.

ಅಷ್ಟರಲ್ಲಿ ಅಜ್ಜಿ ಲೋಟ ತಂದು ಮುಂದಿಟ್ಟಳು. ಫಳಫಳ ಹೊಳೆಯುತ್ತಿತ್ತು.

"ದಿನಾ ಬೂದಿ ಆಕಿ ಉಜ್ಜಿ, ಒಸ ನೀರ್ ತುಂಬ್ತೀನಿ ಕಣಪ್ಪ. ದೊಡ್ಡೋರು ಕೊಟ್ಟೋದ ಲೋಟ, ಕೊಳಕು ಮಾಡಿಕ್ಕಕಾದದಾ?"

"ಅಯ್ಯೋ ಅಜ್ಜಿ, ತೊಳೀಬಾರ್ದು. ನೀರು ಅಂಗೇ ನಿಂತಿರ್ಬೇಕು" ಎಂದೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಓದ್ ತಿಂಗ್ಳು ಇದೇ ಜಗ್ಲಿ ಮ್ಯಾಲೆ ನಿಂತ್ಕಂಡು, ನೀರ್ ನಿಲ್ಲಿಸ್ಬ್ಯಾಡಿ ಅಂತ ಅರ್ಧ ಗಂಟೆ ಬಾಸಣ ಬುಟ್ಟೋನು ನೀನೇ ತಾನೇ? ಮೊದ್ಲು ಒಂದ್ ಮಾತ್ಗೆ ನಿಂತ್ಕ. ಆಮೇಕೆ ನೀರ್ ನಿಲ್ಸುವಂತೆ."

ಬಸ್ಸಿನಿಂದ ಇಳಿದವರು

ಸೊಳ್ಳೆ ಬೆಟ್ಟ ಹತ್ತುವ ದಾರಿ ಯಾವುದು ಎಂದು ಡಾಕ್ಟರಮ್ಮ ಘಾಟಿ ಹತ್ತಿ ಮುಗಿಯುವ ದಿಂಬಂನ ಟೀ ಅಂಗಡಿಯಲ್ಲಿ ಕೂತು ಯೋಚಿಸುತ್ತಿದ್ದರು. ಗಾಳಿಯಲ್ಲಿ ಬಂದಿರಬಹುದೇ, ಹಳ್ಳದ ಗುಂಟ ಬಂದಿರಬಹುದೇ ಎಂದು ನನ್ನನ್ನೇ ಕೇಳಿದರು. ಟೀ ಎತ್ತಿ ಹೊಯ್ಯುತ್ತಿದ್ದ ಅಂಗಡಿಯವನು ತಿರುಗಿಯೂ ನೋಡದೆ ಹೇಳಿದ.

"ಬಸ್ನಲ್ಲಿ ಬತ್ತವೆ ಕಣಮ್ಮ. ದಿನಾ ನೋಡ್ತೀನಲ್ಲ. ಮನುಸ್ರು ಒಟ್ಟೆ ಕಾಲಿ ಮಾಡ್ಕಂಡು ಇಳೀತಾರೆ, ಅವು ಒಟ್ಟೆ ತುಂಬುಸ್ಕಂಡು ಇಳೀತವೆ."

ಡಾಕ್ಟರಮ್ಮ ನಗಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡರು. ಅಂಗಡಿಯವನು ನನ್ನ ಕಡೆ ಬಗ್ಗಿ, "ನನ್ನೆಸ್ರೂ ಬರ್ಕತಾರಾ? ಬಸ್ನೋರು ಬಯ್ತಾರೆ ಕಣಣ್ಣ" ಎಂದ.

ಮರದ ಮೇಲಿನ ಡಬ್ಬಿ

ಜೀರಹಳ್ಳಿಯ ಆಚೆ, ಕಾಡಿನ ಅಂಚಿನ ಸೋಲಿಗರ ಪೋಡಿನಲ್ಲಿ, ಅಂದರೆ ಅವರ ಪುಟ್ಟ ಹಟ್ಟಿಯಲ್ಲಿ, ಒಂದು ಮರಕ್ಕೆ ಬಿಳಿ ಡಬ್ಬಿ ಕಟ್ಟಿದ್ದೆವು. ಗಂಟೆಗೊಮ್ಮೆ ಬಿಸಿ ಎಷ್ಟು, ತೇವ ಎಷ್ಟು ಎಂದು ಅದು ತಾನಾಗಿ ಬರೆದುಕೊಳ್ಳುತ್ತದೆ. ವರದಿ ಕಳಿಸಲು ಹತ್ತು ದಿನ ಇರುವಾಗ ಲೆಕ್ಕ ತೆಗೆದು ನೋಡಿದ ಡಾಕ್ಟರಮ್ಮನ ಮುಖ ಸಪ್ಪಗಾಯಿತು. ವಾರವೆಲ್ಲ ನೆಟ್ಟಗಿರುವ ಬಿಸಿ ಸೋಮವಾರ ಸಂಜೆ ಮಾತ್ರ ಕುಲುಮೆಯ ಹಾಗೆ ಏರಿತ್ತು. ಒಂದು ಸೋಮವಾರವೂ ತಪ್ಪಿರಲಿಲ್ಲ.

"ಎನ್ನಪ್ಪಾ ಇದು? ಸೂರ್ಯನಿಗೆ ವಾರ ಗೊತ್ತಾ?" ಎಂದರು ತಮಿಳು ಬೆರೆಸಿ. "ಈ ಡಬ್ಬಿಯನ್ನು ನಂಬೋದು ಹೇಗೆ? ಇದಿಲ್ಲದೆ ವರದಿನೇ ಇಲ್ಲ."

ಮಗಳ ಮುಖ, ಘಾಟಿಯ ತಿರುವು ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂತು.

ಮುಂದಿನ ಸೋಮವಾರ ಸಂಜೆ ಇಬ್ಬರೂ ಅಲ್ಲಿಗೇ ಹೋದೆವು. ಡಬ್ಬಿಯ ಕೆಳಗೆ ಒಂದು ಕಲ್ಲು; ಬೇರೆ ದಿನ ಬಂದಾಗ ಕೂರಲು ಇಟ್ಟಿದ್ದಾರೆ ಎಂದುಕೊಂಡಿದ್ದೆ. ಕಲ್ಲಿನ ಮೇಲೆ ದೀಪ, ಮಗ್ಗುಲಲ್ಲಿ ನಿಗಿನಿಗಿ ಕೆಂಡ. ಪೋಡಿನ ಹಿರಿಯ ತಾತ ಅದಕ್ಕೆ ಧೂಪ ಹಾಕುತ್ತಿದ್ದ. ಹೊಗೆ, ಬಿಸಿ ಎರಡೂ ನೇರ ನಮ್ಮ ಡಬ್ಬಿಯೊಳಗೆ ಹೋಗುತ್ತಿದ್ದವು.

"ತಾತ, ಇದು ದೇವ್ರು ಅಂತ ಯಾರೇಳಿದ್ರು ನಿಮ್ಗೆ?" ಎಂದೆ.

"ಯಾರೂ ಏಳ್ನಿಲ್ಲ, ನಿನ್ನ ನೋಡೇ ಗೊತ್ತಾಯ್ತು" ಎಂದ ತಾತ. "ನೀ ಬಂದಾಗೆಲ್ಲ ದೂರದಲ್ಲಿ ಎಕ್ಕಡ ಬುಟ್ಟು, ಕೈ ತೊಳ್ಕಂಡು, ಬಾಯಿಗೆ ಬಟ್ಟೆ ಕಟ್ಕಂಡು, ಉಸಿರು ಬುಡ್ದಂಗೆ ನಿಂತ್ಕಂಡು ಬಾಗ್ಲು ತಗೀತಿದ್ದೆ. ನಮ್ಮ ಗುಡಿ ಪೂಜಾರಿ ತಮ್ಮಡಿನೂ ಅಷ್ಟು ಮಡೀಲಿ ಪೂಜೆ ಮಾಡದಿಲ್ಲ."

ತಾತ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಉಸಿರಿನ ಬಿಸಿ ತಾಗಬಾರದು, ಕೈಯ ಎಣ್ಣೆ ತಾಗಬಾರದು ಎಂದು ನನಗೆ ಕಲಿಸಿದ್ದವರು ಡಾಕ್ಟರಮ್ಮನೇ. ಚಪ್ಪಲಿ ಬಿಡುತ್ತಿದ್ದದ್ದು ಮಾತ್ರ ಅಂಗಳ ಸಾರಿಸಿದ್ದಾರಲ್ಲ ಎಂದು. ನಾನು ಡಾಕ್ಟರಮ್ಮನ ಮುಖ ನೋಡಿದೆ, ಅವರು ಮರ ನೋಡಿದರು.

"ಅದ್ಸರಿ, ಏನು ಬೇಡ್ಕೊಂಡ್ರಿ?" ಎಂದೆ.

"ಇನ್ನೇನ? ಜ್ವರ ಬಂದ ಮಕ್ಳು ಗಾಟಿ ಇಳ್ಯದ ತಪ್ಸು ಅಂತ."

ದೀಪವನ್ನು ನಾಲ್ಕು ಮರ ಆಚೆ ಇಟ್ಟುಕೊಳ್ಳಿ ಎಂದು ಡಾಕ್ಟರಮ್ಮ ಕೈಮುಗಿದು ಕೇಳಿದರು. "ಆಗ್ಲವ್ವ, ಅಲ್ಲಿಟ್ರೂ ದೇವ್ರಿಗೆ ಕಾಣ್ತದ" ಎಂದು ತಾತ ಒಪ್ಪಿದ. ಸೋಮವಾರದ ಸಂಜೆಗಳನ್ನೆಲ್ಲ ತೆಗೆದು, ತೆಗೆದದ್ದು ಯಾಕೆಂದೂ ಬರೆದು, ಡಾಕ್ಟರಮ್ಮ ವರದಿ ಕಳಿಸಿದರು. ಉಳಿದ ಲೆಕ್ಕ ಗಟ್ಟಿಯಾಗಿ ನಿಂತಿತು. ಕೆಲವು ತಿಂಗಳಾದ ಮೇಲೆ ಆದೇಶವೂ ಬಂತು. ರಕ್ತಪರೀಕ್ಷೆಯ ವ್ಯಾನು ವಾರಕ್ಕೊಮ್ಮೆ ಬೆಟ್ಟಕ್ಕೆ ಬರುತ್ತದೆ.

ನಾನೇ ಮುಂದೆ ಓಡಿಹೋಗಿ ತಾತನಿಗೆ ಹೇಳಿದೆ. ತಾತ ಹಿಗ್ಗಲಿಲ್ಲ, ಬೆರಗಾಗಲೂ ಇಲ್ಲ. ಯಾವ ವಾರ ಎಂದು ಕೇಳಿದ.

"ಸೋಮವಾರ" ಎಂದೆ.

"ಮತ್ತೆ? ದೀಪ ಅಚ್ಚಿದ್ದು ಸೋಮ್ವಾರ, ಮಂಗಳ್ವಾರ ಬಂದದಾ?" ಎಂದು ತಾತ ಡಬ್ಬಿಯ ಕಡೆ ತಿರುಗಿ ಕೈಮುಗಿದ. ನನ್ನ ಹಿಂದೆಯೇ ಬಂದಿದ್ದ ಡಾಕ್ಟರಮ್ಮ ಆಗಲೇ ಚಪ್ಪಲಿ ಬಿಡುತ್ತಿದ್ದರು.